ನಲವತ್ತೊಂದನೇ ನಂಬರಿನ ಹಾಲು

ಹಾಲಿಗೆ ನೀರು ಬೆರೆಸಿದವರನ್ನು ಹಿಡಿಯುವುದು ನನ್ನ ಕೆಲಸ. ತಾರನಾಕಿ ಸೀಮೆಯ ನಮ್ಮ ಚೀಸ್ ಫ್ಯಾಕ್ಟರಿಯಲ್ಲಿ ಹದಿನೇಳು ವರ್ಷ ಅದನ್ನೇ ಮಾಡಿದ್ದೇನೆ. ನೀರು ಸೊನ್ನೆ ಡಿಗ್ರಿಗೆ ಮಂಜುಗಡ್ಡೆಯಾಗುತ್ತದೆ. ಹಾಲಿನಲ್ಲಿ ಸಕ್ಕರೆ, ಉಪ್ಪು ಕರಗಿರುವುದರಿಂದ ಅದು ಅಷ್ಟಕ್ಕೆಲ್ಲ ಬಗ್ಗುವುದಿಲ್ಲ. ಸೊನ್ನೆಗಿಂತ ಅರ್ಧ ಡಿಗ್ರಿಗೂ ತುಸು ಹೆಚ್ಚು ಕೆಳಗಿಳಿದರೇನೇ ಗಡ್ಡೆಗಟ್ಟುವುದು. ಹಸು ಬಡಕಲಿರಲಿ, ಕೊಬ್ಬಿರಲಿ, ಆ ಅಂಕಿ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ನೀರು ಸೇರಿತೋ, ಅಂಕಿ ಸೊನ್ನೆಯ ಕಡೆಗೆ ಏರುತ್ತದೆ. ಎಷ್ಟು ಏರಿತು ಎಂದು ನೋಡಿದರೆ ಎಷ್ಟು ನೀರು ಎಂದು ಗೊತ್ತಾಗುತ್ತದೆ.

"ಐಲ್ಸಾ ಕೈಗೆ ಹಾಲು ಸಿಕ್ತು ಅಂದ್ರೆ ಹಸುಗೂ ನಡುಕ ಬರುತ್ತೆ ಕಣ್ರೋ" ಎಂದು ಕ್ಯಾನು ಇಳಿಸುವವರು ನನ್ನ ಎದುರಿಗೇ ಹೇಳುತ್ತಿದ್ದರು. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಹೆಮ್ಮೆಯೇ ಆಗುತ್ತಿತ್ತು.

ಆ ಸೆಪ್ಟೆಂಬರಿನಲ್ಲಿ ಹಸುಗಳು ಕರು ಹಾಕಿ ಹಾಲು ಬರಲು ಶುರುವಾಗಿದ್ದ ಹೊತ್ತು. ಒಂದು ಬೆಳಿಗ್ಗೆ ನಲವತ್ತೊಂದನೇ ನಂಬರಿನ ಬಾಟಲಿ ನನ್ನ ಮೇಜಿಗೆ ಬಂತು. ಹಾಲು ಹಾಕುವ ರೈತನ ನಂಬರು ಬಿಟ್ಟರೆ ಹೆಸರಿಲ್ಲ. ಆದರೆ ನಲವತ್ತೊಂದು ಯಾರೆಂದು ನನಗೆ ಗೊತ್ತಿಲ್ಲವೇ? ನನ್ನ ತಮ್ಮ ಡಗಲ್. ಬೆಳಗಿನ ಹಾಲು ಅವನು ಕರೆಯುತ್ತಿದ್ದ, ಸಂಜೆಯದು ಅವನ ಹೆಂಡತಿ ನೋಲಾ. ಬಂದದ್ದು ಹಿಂದಿನ ಸಂಜೆಯ ಕ್ಯಾನಿನ ಹಾಲು.

ಬಾಟಲಿಯಲ್ಲಿ ಹಾಲು ತೀರಾ ಕಡಿಮೆಯಿತ್ತು. ಗಾಜಿನ ನಳಿಗೆಯನ್ನು ಮೊದಲು ಅದೇ ಹಾಲಿನಲ್ಲಿ ಜಾಲಿಸಿ ಚೆಲ್ಲಿ, ಆಮೇಲೆ ತುಂಬಬೇಕು. ಅದು ಕ್ರಮ. ಜಾಲಿಸಿದರೆ ಪರೀಕ್ಷೆಗೆ ಸಾಲುವುದಿಲ್ಲ ಎಂದು ಅವತ್ತು ನೀರಿನಲ್ಲೇ ತೊಳೆದು, ಕೊಡವಿ, ಹಾಲು ಹೊಯ್ದೆ. ಇನ್ನೊಂದು ಬಾಟಲಿ ತರಿಸಬಹುದಿತ್ತು. ಬೇರೆ ಯಾರದೇ ಆಗಿದ್ದರೂ ತರಿಸುತ್ತಿದ್ದೆ. ತಮ್ಮನಿಗೆ ಎರಡನೇ ಅವಕಾಶ ಕೊಟ್ಟಳು ಎಂದು ನಾಳೆ ಯಾರೂ ಆಡಿಕೊಳ್ಳಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಬೆಳಿಗ್ಗೆಯೇ ಅದೇ ನಳಿಗೆಯಲ್ಲಿ ಶುದ್ಧ ನೀರನ್ನು ಗಡ್ಡೆಗಟ್ಟಿಸಿ ಥರ್ಮಾಮೀಟರು ನೋಡಿದ್ದೆ, ಸರಿಯಾಗಿ ಸೊನ್ನೆಗೆ ನಿಂತಿತ್ತು. ಹಾಲು ಮಾತ್ರ ಸೊನ್ನೆಗಿಂತ ಬರೀ ಅರ್ಧ ಡಿಗ್ರಿ ಕೆಳಗೇ ಗಡ್ಡೆಗಟ್ಟಿತು. ನೂರಕ್ಕೆ ಏಳು ಪಾಲು ನೀರು.

ಅನುಮಾನ ಬಂದರೆ ಹಟ್ಟಿಗೇ ಹೋಗಿ, ಕಣ್ಣೆದುರು ಹಾಲು ಕರೆಸಿ, ಅದನ್ನೂ ಪರೀಕ್ಷಿಸುವ ಪದ್ಧತಿ ನಮ್ಮಲ್ಲಿದೆ. ಹಸುವನ್ನೇ ಸಾಕ್ಷಿ ಕೇಳುವುದು ಎನ್ನುತ್ತೇವೆ. ರೈತ ಕೇಳಿದರೆ ನಾವು ಹೋಗಲೇಬೇಕು. ಮ್ಯಾನೇಜರ್ ಹಾಸ್ಕಿನ್ ಡಗಲ್‌ನನ್ನು ಕರೆಸಿ, "ಬೇಕಾ?" ಎಂದು ಕೇಳಿದರು.

"ಬೇಡ ಸಾರ್" ಎಂದ ನನ್ನ ತಮ್ಮ. "ನಮ್ಮಕ್ಕ ನೀರಿದೆ ಅಂದ್ರೆ ಇದೆ."

ನಾನು ಅಲ್ಲೇ ನಿಂತಿದ್ದೆ. ಆ ಮಾತು ಕೇಳಿ ನನ್ನ ಎದೆ ಉಬ್ಬಿತು. ಥೂ, ನನ್ನ ಜನ್ಮಕ್ಕಿಷ್ಟು.

ಅವನ ಹಾಲನ್ನು ಒಂದು ವಾರ ವಾಪಸು ಕಳಿಸಿದರು. ನಲವತ್ತೊಂದು ಎಂದು ಗೇಟಿನ ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಸೀಮೆಸುಣ್ಣದಲ್ಲಿ ಬರೆದರು. ಅದನ್ನೆಲ್ಲ ಅವನು ನುಂಗಿಕೊಂಡ. ತಾನು ನೀರು ಹಾಕಿಲ್ಲವೆಂದು ಅವನಿಗೆ ಗೊತ್ತಿತ್ತು. ಅಕ್ಕ ತಪ್ಪುವವಳಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಹಾಗಾದರೆ ಉಳಿದವಳು ಯಾರು? ಮೂರು ವಾರದ ಹೊತ್ತಿಗೆ ನೋಲಾ ಒಂದು ಸೂಟ್‌ಕೇಸ್ ಹಿಡಿದು ಹಾವೆರಾ ಪಟ್ಟಣಕ್ಕೆ ಹೋಗಿ, ಅಲ್ಲಿನ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಹನ್ನೊಂದು ವರ್ಷದ ಸಂಸಾರ. ನೀರು ಬೆರೆಸಿದವಳ ಪರ ನಾನೇನು ಮಾತಾಡುವುದು ಎಂದುಕೊಂಡೆ.

ನವೆಂಬರಿನಲ್ಲಿ ಹಾಸ್ಕಿನ್ ಜಾಮಿನ ಜಾಡಿಯೊಂದನ್ನು ತಂದು ನನ್ನ ಮುಂದಿಟ್ಟರು. ತಳದಲ್ಲಿ ಒಂದಿಷ್ಟು ಹಾಲು.

"ನಮ್ಮ ಮನೆ ಹಸೂದು. ಹಾಲು ತೆಳ್ಳಗಿದೆ ಅಂತ ನಮ್ಮಾಕೆ ಬೆಳಿಗ್ಗೆಯಿಂದ ನನ್ನ ಜೀವ ತಿಂತಿದಾಳೆ. ಒಂಚೂರು ನೋಡಿ ಹೇಳಮ್ಮ, ಪುಣ್ಯ ಬರುತ್ತೆ."

ಹಾಲು ಕಡಿಮೆಯಿತ್ತಲ್ಲ, ನಳಿಗೆಯನ್ನು ನೀರಿನಲ್ಲಿ ತೊಳೆದು ಕೊಡವಿ ತುಂಬಿದೆ. ಅರ್ಧ ಡಿಗ್ರಿಗೆ ಗಡ್ಡೆಗಟ್ಟಿತು.

"ಏನ್ ಸಾರ್, ಹೆಂಡತಿಗೇ ನೀರು ಕುಡಿಸ್ತಿದೀರಲ್ಲ!" ಎಂದು ನಕ್ಕೆ.

"ಅಯ್ಯೋ ಮಾರಾಯ್ತಿ, ನಾನೇ ಕೂತು ಕರೆದು ನೇರ ಜಾಡಿಗೆ ಹಾಕಿಕೊಂಡು ಬಂದಿದೀನಿ. ನೀರು ಎಲ್ಲಿಂದ ಬರಬೇಕು?"

ಅವರು ಹೋದ ಮೇಲೆ ನಳಿಗೆಯನ್ನು ತೊಳೆದು, ಕೊಡವಿ, ಚಮಚದ ಮೇಲೆ ಬೋರಲು ಹಾಕಿ ಹಿಡಿದೆ. ಅದರ ಒಳಮೈಗೆ ಅಂಟಿದ್ದ ನೀರು ಹನಿ ಹನಿಯಾಗಿ ಇಳಿದು ಅರ್ಧ ಚಮಚ ಆಯಿತು. ಅಷ್ಟು ಕಡಿಮೆ ಹಾಲಿಗೆ ನೂರಕ್ಕೆ ಏಳು ಪಾಲಾಗಲು ಅಷ್ಟೇ ಸಾಕು. ಬೆಳಿಗ್ಗೆಯ ಸೊನ್ನೆಯ ಪರೀಕ್ಷೆ ನನ್ನನ್ನು ಎಚ್ಚರಿಸುವ ಹಾಗೇ ಇರಲಿಲ್ಲ. ನೀರಿಗೆ ನೀರು ಬೆರೆತರೆ ಅದು ನೀರೇ. ನಳಿಗೆಯನ್ನು ಒಲೆಯ ಬಳಿ ಒಣಗಿಸಿ, ಹಾಸ್ಕಿನ್ ಮನೆಯಿಂದ ಅದೇ ಹಸುವಿನ ಹಾಲು ತರಿಸಿ ಮತ್ತೆ ಪರೀಕ್ಷಿಸಿದೆ. ಅಪ್ಪಟ ಹಾಲು. ನಲವತ್ತೊಂದನೇ ನಂಬರಿನ ಹಾಲಿಗೆ ನೀರು ಹಾಕಿದವಳು ನಾನು.

ಮರುದಿನವೇ ಹಾವೆರಾದ ಬಸ್ಸು ಹತ್ತಿದೆ. ಆಸ್ಪತ್ರೆಯ ಹಿತ್ತಿಲಿನಲ್ಲಿ ನೋಲಾ ಹಾಸಿಗೆಯ ಬಟ್ಟೆಗಳನ್ನು ಹಿಂಡುತ್ತಿದ್ದಳು. ಹೇಗೋ ಎಲ್ಲ ಹೇಳಿ ಮುಗಿಸಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾನೇ ಹಾಕಿದ್ದು ಅಂತ ಅವನ ಹತ್ರ ಒಪ್ಕೊಂಡುಬಿಟ್ಟೆ, ಐಲ್ಸಾ" ಎಂದಳು.

"ಯಾಕೆ? ಹಾಕದೇ ಇದ್ದಿದ್ದನ್ನ ಯಾಕೆ ಒಪ್ಕೊಂಡೆ?"

"ಇನ್ನೇನ್ ಮಾಡ್ಲಿ? ಊಟಕ್ಕೆ ಕೂತ್ರೆ ಅದೇ, ಎದ್ರೆ ಅದೇ. 'ನಿಜ ಹೇಳು, ಕ್ಷಮಿಸ್ತೀನಿ, ನಿಜ ಹೇಳು.' ಹತ್ತು ದಿನ ಇಲ್ಲ ಇಲ್ಲ ಅಂದೆ. ಹನ್ನೊಂದನೇ ದಿನ ಹೂಂ ಅಂದೆ. ಕ್ಷಮಿಸ್ತಾನೆ ಅಂದ್ಕೊಂಡೆ. ಆಮೇಲೆ ನನ್ನ ಮುಖ ನೋಡಕ್ಕೂ ಅವನಿಗೆ ಆಗ್ಲಿಲ್ಲ."

ಬಟ್ಟೆಯನ್ನು ತಂತಿಗೆ ಹಾಕಿ, ಕೈ ಒರೆಸಿಕೊಂಡು ನನ್ನ ಹತ್ತಿರ ಬಂದಳು. "ಅವನಿಗೆ ಹೇಳು. ನೀನು ಹೇಳಿದ್ರೆ ನಂಬ್ತಾನೆ. ಅವನೇ ಬಂದು ಕರೆದ್ರೆ ಬರ್ತೀನಿ. ಏನೂ ಕೇಳಲ್ಲ, ಸುಮ್ಮನೆ ಬಂದುಬಿಡ್ತೀನಿ. ಬುಧವಾರದ ಬಸ್ಸಿಗೆ ಕಾಯ್ತಿರ್ತೀನಿ."

ಡಗಲ್‌ನನ್ನು ಫ್ಯಾಕ್ಟರಿಗೆ ಕರೆಸಿದೆ. ಅವನದೇ ಹಾಲು ತೆಗೆದುಕೊಂಡು, ಒಣ ನಳಿಗೆಯಲ್ಲಿ ಒಮ್ಮೆ, ಒದ್ದೆ ನಳಿಗೆಯಲ್ಲಿ ಒಮ್ಮೆ ಪರೀಕ್ಷಿಸಿ ತೋರಿಸಿದೆ. ಎರಡು ಬೇರೆ ಬೇರೆ ಅಂಕಿ ಬಂದವು, ಒದ್ದೆಯದರಲ್ಲಿ ಅದೇ ಏಳು ಪಾಲು ನೀರು. ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನೋಡಿದ.

"ತಪ್ಪು ನಂದು ಕಣೋ. ನೋಲಾ ಏನೂ ಮಾಡಿಲ್ಲ."

"ಅವಳನ್ನ ನೋಡೋಕೆ ಹೋಗಿದ್ಯಾ ಅಕ್ಕಾ?"

"ಹೋಗಿದ್ದೆ."

"ಅತ್ತಳಾ?"

"ಡಗಲ್, ನಾನ್ ಹೇಳ್ತಿರೋದು ಕೇಳಿಸ್ಕೋ!"

"ಕೇಳಿಸ್ತಿದೆ. ಅವಳೇ ಬಾಯ್ಬಿಟ್ಟು ಒಪ್ಕೊಂಡಿದಾಳೆ. ಎಷ್ಟು ಹಾಕ್ದೆ ಅಂದ್ರೆ ಕ್ಯಾನಿಗೆ ಅರ್ಧ ಬಕೆಟ್ ಅಂದ್ಳು. ನೀನು ಹೇಳಿದ್ದ ಏಳು ಪಾಲಿಗೆ ಸರಿಯಾಗೇ ಇತ್ತು."

"ನಿನ್ನ ಮನೇಲಿ ಆ ಏಳರ ಮಾತು ಅವಳ ಕಿವಿಗೆ ಬೀಳದೆ ಇತ್ತೇನೋ? ಕೇಳಿದ್ದನ್ನೇ ತಿರುಗಿ ಹೇಳಿದಾಳೆ!"

ಅವನು ಟೋಪಿ ಹಾಕಿಕೊಂಡ. ಸಿಟ್ಟಿರಲಿಲ್ಲ ಅವನಿಗೆ. ಚಿಕ್ಕವನಿದ್ದಾಗ ನೋಡುತ್ತಿದ್ದ ಹಾಗೆಯೇ ನನ್ನನ್ನು ಪ್ರೀತಿಯಿಂದ ನೋಡಿದ. "ನಂಗೋಸ್ಕರ ನಿನ್ನ ಹೆಸರಿಗೇ ಮಸಿ ಬಳ್ಕೋತಿದೀಯ. ಬೇಡ ಅಕ್ಕಾ. ಹದಿನೇಳು ವರ್ಷದಲ್ಲಿ ನಿನ್ನ ಅಂಕಿ ಒಂದ್ಸಲನೂ ತಪ್ಪಿಲ್ಲ. ಅವಳಿಗೋಸ್ಕರ ನೀನು ಸುಳ್ಳು ಹೇಳ್ಬೇಡ" ಎಂದು ನನ್ನ ಹೆಗಲು ತಟ್ಟಿ, ಹಾಲು ಕರೆಯುವ ಹೊತ್ತಾಯಿತೆಂದು ಹೊರಟುಹೋದ. ಅವನ ಹಿಂದೆ ಗೇಟಿನವರೆಗೂ ಕೂಗುತ್ತ ಓಡಿದೆ. ಅವನು ತಿರುಗಲಿಲ್ಲ.

ಬುಧವಾರ ಮತ್ತೆ ಹಾವೆರಾಕ್ಕೆ ಹೋದೆ. ನೋಲಾ ಒಳ್ಳೆಯ ಕೋಟು ಹಾಕಿಕೊಂಡು, ಸೂಟ್‌ಕೇಸ್ ಕಾಲ ಬಳಿ ಇಟ್ಟುಕೊಂಡು, ಬಸ್ಸು ನಿಲ್ಲುವ ಕಡೆಯೇ ಕಾಯುತ್ತಿದ್ದಳು. ನಾನು ಇಳಿದೆ. ಅವಳು ನನ್ನ ಹಿಂದಿನಿಂದ ಇಳಿಯುತ್ತಿದ್ದವರನ್ನು ಒಬ್ಬೊಬ್ಬರನ್ನೇ ನೋಡುತ್ತ ನಿಂತಳು, ಬಸ್ಸು ಖಾಲಿಯಾಗುವವರೆಗೂ.