ಬಣ್ಣದ ತತ್ತಿ ಹಾರುವಾಗ ತೆಗೆದ ಫೋಟೋ

೧

ಎಲ್ಲಿಂದ ಶುರು ಮಾಡಲಿ? ತತ್ತಿ ಕೈಬಿಟ್ಟ ಗಳಿಗೆಯಿಂದಲೋ, ಹೋಗಿ ಬಡಿದ ಗಳಿಗೆಯಿಂದಲೋ? ನಡುವಿನಿಂದ ಶುರು ಮಾಡಿದರೆ ವಿಮರ್ಶಕರು ಮೆಚ್ಚುತ್ತಾರೆ, ಆದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ. ನನಗೆ ನೀವು ಬೇಕು.

ಈ ಕಥೆಯನ್ನು ಮೊದಲು ಇಂಡಿ ಎಂಬ ಊರಿನಲ್ಲಿಟ್ಟು ಬರೆದೆ. ಅಲ್ಲಿ ನಾಯಕನಿಗೆ ಪ್ರೇಮ ಅಂಟಿಕೊಂಡಿತು, ಹರಿದೆ. ಮುದ್ದೇಬಿಹಾಳಕ್ಕೆ ಒಯ್ದರೆ ಭಾಷಣಕ್ಕೆ ನಿಂತ. ಬಸವನ ಬಾಗೇವಾಡಿಯ ಡ್ರಾಫ್ಟು ಚೆನ್ನಾಗಿಯೇ ಇತ್ತು, ಅದರಲ್ಲಿ ಕ್ಯಾಮೆರಾ ಇರಲಿಲ್ಲ ಎನ್ನುವುದೊಂದನ್ನು ಬಿಟ್ಟರೆ. ಕಡೆಗೆ ಸಿಂದಗಿಗೆ ಬಂದು, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಇಳಿದಿದ್ದೇನೆ.

೨

೧೯೭೮ರ ರಂಗಪಂಚಮಿ, ಓಣಿಯಲ್ಲಿ ಬಣ್ಣ ಆಡುವ ದಿನ. ಯಂಕಪ್ಪನ ಫೋಟೋ ಸ್ಟುಡಿಯೋ ಎಂದರೆ ಅವನ ಮನೆಯ ಮುಂದಿನ ಕೋಣೆ. ಸೊಲ್ಲಾಪುರದಿಂದ ಹೊಸ ಫ್ಲ್ಯಾಷ್ ತಂದಿದ್ದ. ಹತ್ತಿರದಿಂದ ಹೊಡೆದರೆ ಅದರ ಬೆಳಕು ರೆಪ್ಪೆ ಬಡಿಯುವುದಕ್ಕಿಂತ ಎಷ್ಟೋ ಮೊದಲೇ ಆರಿಹೋಗುತ್ತದೆ; ಹಾರುವುದೆಲ್ಲ ಅದರ ಮುಂದೆ ನಿಂತಂತೆ ಕಾಣುತ್ತದೆ. ಹಾರುವುದೇನಾದರೂ ಬೇಕಲ್ಲ, ಅವನು ಬಣ್ಣದ ತತ್ತಿಯನ್ನು ಆರಿಸಿಕೊಂಡ. ಕೋಳಿ ತತ್ತಿಗೆ ತೂತು ಕೊರೆದು, ಒಳಗಿನದನ್ನು ತೆಗೆದು, ಕೆಂಪು ನೀರು ತುಂಬಿ, ಮೇಣ ಹಚ್ಚಿ ಮುಚ್ಚುವುದು. (ಫಿಲ್ಮು ಕಪ್ಪು-ಬಿಳುಪಿನದು, ಕೆಂಪು ಅದರಲ್ಲಿ ಕಪ್ಪಾಗಿಯೇ ಬೀಳುತ್ತದೆ. ನನ್ನ ನಾಯಕ ಅದನ್ನೆಲ್ಲ ಯೋಚಿಸುವವನಲ್ಲ, ಅದಕ್ಕೇ ನನಗೆ ಇಷ್ಟ.) ಓಣಿಯಲ್ಲಿ ಈ ತತ್ತಿಯನ್ನು ಗುರಿಯಿಟ್ಟು ಹೊಡೆಯುವುದರಲ್ಲಿ ಅವನ ವೈನಿಯನ್ನು, ಅಂದರೆ ಅಣ್ಣನ ಹೆಂಡತಿ ಕಸ್ತೂರೆವ್ವನನ್ನು, ಮೀರಿಸಿದವರಿರಲಿಲ್ಲ.

ಇರಲಿಲ್ಲ ಎಂದೆನಲ್ಲ, ಅದು ಹೋದ ವರ್ಷದ ಮಾತು. ದೀಪಾವಳಿಗೆ ಅಣ್ಣ ಸಿದ್ದರಾಯ ತೀರಿಕೊಂಡ. ಗಂಡ ಸತ್ತವಳು ಬಣ್ಣ ಮುಟ್ಟುವ ಹಾಗಿಲ್ಲ. ಬೆಳಗಿನಿಂದ ಓಣಿಯೆಲ್ಲ ಕೆಂಪಾಗಿದ್ದರೂ ವೈನಿ ಒಳಗೆ ರೊಟ್ಟಿ ಬಡಿಯುತ್ತಲೇ ಇದ್ದಳು. ಆ ಸದ್ದು ಕೇಳಿ ಕೇಳಿ ಯಂಕಪ್ಪ ಎದ್ದು ಒಳಗೆ ಹೋದ.

(ಈಗ ನಿಮಗೆ ಗೊತ್ತಾಯಿತು, ಫೋಟೋ ಒಂದು ನೆಪ. ಇಂಥ ಫೋಟೋಕ್ಕೆ ಕೋಣೆಯನ್ನು ಪೂರ್ತಿ ಕತ್ತಲೆ ಮಾಡಿ, ಕ್ಯಾಮೆರಾದ ಕಣ್ಣು ತೆರೆದಿಟ್ಟು ಕಾಯಬೇಕು. ಬಾಗಿಲು ಹಾಕಿದ ಕತ್ತಲಲ್ಲಿ ಯಾರು ಬಣ್ಣ ಮುಟ್ಟಿದರು ಎಂದು ಊರಿಗೆ ಹೇಗೆ ಕಾಣಬೇಕು?)

೩

“ವೈನಿ, ಸ್ಟುಡಿಯೋದಾಗ ಒಂದೀಟು ಕೆಲಸ ಐತ್ರಿ. ತತ್ತಿ ಒಗೀಬೇಕು.”

“ಹುಚ್ಚ ಹಿಡದೈತೇನ ನಿನಗ? ಅತ್ತಿ ಹೊರಗ ಕಟ್ಟಿ ಮ್ಯಾಲೆ ಕುಂತಾರ.”

“ಅದಕ್ಕ ಬಾಗ್ಲಾ ಹಾಕೇನ್ರಿ. ಇದು ಬಣ್ಣಾ ಆಡೂದಲ್ಲ, ಸೈನ್ಸ್ ಐತಿ.”

“ಸೈನ್ಸಿಗೆ ಸೂತಕ ಇಲ್ಲೇನು?” ಎಂದಳು. ಆದರೆ ಕೈಯ ಹಿಟ್ಟು ತೊಳೆದುಕೊಂಡು ಬಂದಳು.

ಇಲ್ಲಿ ನಾನು ಕಸ್ತೂರೆವ್ವನ ಕೈ ನಡುಗಿಸಿ, ಮೈದುನನ ಕಡೆಗೆ ಒಂದು ನೋಟವನ್ನೂ ಬರೆದಿದ್ದೆ. ಅವಳು ಪುಟದೊಳಗಿನಿಂದಲೇ ನನ್ನನ್ನು ತಡೆದಳು.

“ಏ ತಮ್ಮಾ, ಬರಿಯಾಂವಾ, ಆ ನೋಟಾ ಅಳಿಸು. ನಾ ಈ ಮನಿಗೆ ಬಂದಾಗ ಇಂವಗ ಚಡ್ಡಿ ಗುಂಡಿ ಹಾಕ್ಕೊಳ್ಳಾಕ ಬರ್ತಿದ್ದಿಲ್ಲ. ಇಂವನ ಮೂಗ ಒರಸಿದ ಕೈ ಇದು.”

“ಹಾಗಾದರೆ ಕಥೆಗೆ ಕಾವು ಎಲ್ಲಿಂದ ತರಲಿ, ಅಕ್ಕಾ?”

“ಕಾವು ಬೇಕಂದ್ರ ಹೋಗಿ ಒಲಿ ಮುಂದ ಕುಂಡ್ರು.”

ಅಳಿಸಿದೆ.

೫

(ನಾಲ್ಕರಲ್ಲಿ ಫ್ಲ್ಯಾಷಿನ ಬಗ್ಗೆ ಇನ್ನಷ್ಟು ವಿವರವಿತ್ತು. ನಿಮ್ಮ ಪುಣ್ಯ, ತೆಗೆದೆ.)

ದೀಪ ಆರಿತು. ಗೋಡೆಗೆ ಕಟ್ಟಿದ ಕರಿ ಕಂಬಳಿಯ ಒಂದು ತುದಿಗೆ ನಿಂತು ವೈನಿ ಓರೆಯಾಗಿ ಎಸೆದ ತತ್ತಿ ಅದರ ಮುಂದೆ ಹಾಯುವಾಗ ಯಂಕಪ್ಪ ಫ್ಲ್ಯಾಷಿನ ಗುಂಡಿ ಒತ್ತಬೇಕು. ಕತ್ತಲಲ್ಲಿ ಗೊತ್ತಾಗಲೆಂದು, ಎಸೆಯುವಾಗ “ತಗೋ” ಎನ್ನಲು ವೈನಿಗೆ ಹೇಳಿದ್ದ. ಅವಳು ಎಸೆದಳು, “ತಗೋ” ಎಂದಳು, ಅವನು ಒತ್ತಿದ. ಬೆಳಕಿನಲ್ಲಿ ಕಂಡದ್ದು ಕಂಬಳಿಯ ಮೇಲೆ ಆಗಲೇ ಒಡೆದು ಇಳಿಯುತ್ತಿದ್ದ ಕೆಂಪು. ಫಿಲ್ಮು ಮುಂದೆ ಸರಿಸಿದ ಮೇಲೆ ಎಸೆದ ಎರಡನೆಯ ತತ್ತಿಯೂ ಹಾಗೇ ಆಯಿತು, ಅದರ ಮುಂದಿನದೂ.

“ವೈನಿ, ನೀವು ಮೊದ್ಲ ಒಗದು ಆಮ್ಯಾಲೆ ‘ತಗೋ’ ಅಂತೀರಿ.”

“ಮೊದ್ಲ ಅಂದ್ರ ಎದರಿನಾಂವ ಬಗ್ಗತಾನಲ್ಲೋ. ಇಷ್ಟ ವರ್ಷದ ರೂಢಿ, ಬಿಡಂದ್ರ ಹೆಂಗ ಬಿಡ್ತೈತಿ?”

ನಿಜ. ಆದರೂ ಪ್ರತಿ ವರ್ಷ ತಾನು ತಪ್ಪಿಸಿಕೊಳ್ಳುತ್ತಿದ್ದೆನಲ್ಲ, ಹೇಗೆ? ಯಂಕಪ್ಪ ಕತ್ತಲಲ್ಲಿ ನಿಂತು ಯೋಚಿಸಿದ. ಅವಳು ಕೈ ಎತ್ತಿದ ಕೂಡಲೇ ಹಸಿರು ಬಳೆಗಳು ಮೊಣಕೈ ಕಡೆಗೆ ಜಾರಿ ಸದ್ದು ಮಾಡುತ್ತಿದ್ದವು. ಆ ಸದ್ದಿಗೆ ಅವನು ಬಗ್ಗುತ್ತಿದ್ದ. ಈಗ ಆ ಕೈ ಬರಿದು. ಅಣ್ಣನ ಹೆಣದ ಮುಂದೆ ಆ ಬಳೆ ಒಡೆದವಳು ಯಂಕಪ್ಪನ ಅವ್ವ ತಿಪ್ಪವ್ವನೇ.

“ಯಾಕೋ, ಸುಮ್ನಾದಿ?”

“ನಿಮ್ಮ ಕೈಯಾಗ ಸಪ್ಪಳಾ ಇಲ್ರಿ ವೈನಿ. ನನಗ ತಿಳೀವಲ್ದು.”

ಸ್ಟುಡಿಯೋದ ಕನ್ನಡಿಯ ಕೆಳಗೆ ಒಂದು ತಟ್ಟೆ ಇರುತ್ತದೆ. ಹಳ್ಳಿಯಿಂದ ಫೋಟೋಕ್ಕೆ ಬರುವ ಹುಡುಗಿಯರಿಗೆಂದು ಪೌಡರು, ಬಾಚಣಿಗೆ, ಗಾಜಿನ ಬಳೆ. ಕತ್ತಲಲ್ಲಿ ಯಾರೋ ಆ ತಟ್ಟೆ ತಡಕಾಡಿದ ಹಾಗಾಯಿತು. ಆಮೇಲೆ ಬಳೆ ಜಾರಿದ ಸದ್ದು. ಯಂಕಪ್ಪ ರೂಢಿಯಂತೆ ಬಗ್ಗಿದ, ಬಗ್ಗಿಕೊಂಡೇ ಗುಂಡಿ ಒತ್ತಿದ.

ತತ್ತಿ ಕಂಬಳಿಯ ಮುಂದೆ, ಯಾವುದನ್ನೂ ಮುಟ್ಟದೆ, ನಿಂತಿತ್ತು. ಅದರ ಹಿಂದೆ ಚಾಚಿದ ಕೈ, ಬಳೆ, ಬಾಯಿ ತುಂಬ ನಗುತ್ತಿದ್ದ ವೈನಿ.

“ಸಿಕ್ತೇನೋ?”

“ಸಿಕ್ತ್ರಿ ವೈನಿ,” ಎಂದ, ಮತ್ತೆ ಕತ್ತಲಾಗಿದ್ದರಿಂದ ಅಳುವುದಕ್ಕೆ ಅನುಕೂಲವಾಗಿತ್ತು.

೬

ಅಂತ್ಯ ಒಂದು: ಕಸ್ತೂರೆವ್ವ ಬಳೆ ತೆಗೆದಿಟ್ಟು ರೊಟ್ಟಿಗೆ ಹೋದಳು, ಯಂಕಪ್ಪ ಆ ಫೋಟೋ ಯಾರಿಗೂ ತೋರಿಸಲಿಲ್ಲ.

“ಬ್ಯಾಡ,” ಎಂದಳು ಕಸ್ತೂರೆವ್ವ.

ಅಂತ್ಯ ಎರಡು: ಫೋಟೋ ನೋಡಿ ಕರಗಿದ ತಿಪ್ಪವ್ವ ಸೊಸೆಯನ್ನು ಅಪ್ಪಿಕೊಂಡಳು.

“ನಮ್ಮತ್ತಿ ಎಂಥಾಕಿ ಅಂತ ನಿನಗ ಗೊತ್ತಿಲ್ಲ, ತಮ್ಮಾ.”

ಮೂರನೆಯದಕ್ಕೆ ನಾನು ತಲೆ ಕೆರೆದುಕೊಳ್ಳುತ್ತಿರುವಾಗ ಯಂಕಪ್ಪ ಕ್ಯಾಮೆರಾದ ಕಣ್ಣು ಮುಚ್ಚಿ ದೀಪ ಹಾಕಿದ. ವೈನಿ ಬಾಗಿಲ ಹತ್ತಿರ ಹೋಗಿ ನಿಂತಿದ್ದಳು.

“ವೈನಿ, ಬಳಿ ತಗದು ಹೋಗ್ರಿ. ಹೊರಗ ಅವ್ವ ಅದಾಳ.”

“ಗೊತ್ತೈತಿ.”

“ಏನಂದಾಳೋ ಏನೋ.”

“ಅನ್ನಲಿ. ಕೈ ಅಕಿ ಮುಂದ ಹಿಡೀತೇನಿ. ಒಮ್ಮೆ ಒಡದಾಳ, ಇನ್ನೊಮ್ಮೆ ಒಡಿಯೂ ಮನಸಿದ್ರ ಒಡೀಲಿ.”

ಚಿಲಕ ತೆಗೆದವಳು ಅವಳೇ, ನಾನಲ್ಲ. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ತಿಪ್ಪವ್ವ ಬಳೆಯ ಸದ್ದಿಗೆ ಕೈ ನಿಲ್ಲಿಸಿದಳು, ಆಮೇಲೆ ತಲೆ ಎತ್ತಿದಳು. ಕಸ್ತೂರೆವ್ವ ತತ್ತಿಯಿಂದ ಸೋರಿದ ಬಣ್ಣಕ್ಕೆ ಕೆಂಪಾದ, ಬಳೆ ತೊಟ್ಟ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ. ಅತ್ತೆಯ ಮಗ್ಗುಲಲ್ಲಿ ಕುಳಿತು ಅದೇ ಮೊರಕ್ಕೆ ಕೈ ಹಾಕಿದಳು.

ಮುಂದೇನಾಯಿತು ಎಂದು ನನ್ನನ್ನು ಕೇಳಬೇಡಿ. ನಾನೂ ಯಂಕಪ್ಪನೂ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೇವೆ. ಸದ್ಯಕ್ಕೆ ಕೇಳುತ್ತಿರುವುದು ಮೊರದ ಮೇಲೆ ಬಳೆಯ ಸದ್ದು.