ಕೂಲಿಯಾಳಾಗಿ ಕೂತ ಕಾಲೇಜು

“ಏ ಹೇಮಾ, ಹಲ್ಲು ಮುಚ್ಚು! ಕೂಲಿ ಹೆಣ್ಮಗಳು ಹಂಗ ನಗ್ತಾಳೇನು?”

ಗುರುಸ್ವಾಮಿ ಮೇಷ್ಟ್ರು ಕುಂಚದ ಹಿಡಿಯಿಂದ ನನ್ನ ಗದ್ದ ಕೆಳಗೆ ಒತ್ತಿದರು. ಹರಕು ಸೀರೆ ಸುತ್ತಿಕೊಂಡು ನಾನು ಸ್ಟೂಲಿನ ಮೇಲೆ ಕೂತಿದ್ದೆ. ನನ್ನ ಕ್ಲಾಸಿನವರೆಲ್ಲ ಸುತ್ತ ಕೂತು ನನ್ನನ್ನೇ ಬರೆಯುತ್ತಿದ್ದರು.

ಈಗ ಕುರುಗೋಡಿನಲ್ಲಿ ಅಂಗಡಿಗಳ ಗೋಡೆ ಮೇಲೆ ಹೆಸರು, ಚಿತ್ರ ಬರೆದು ಬದುಕುತ್ತೇನೆ. ಎಲ್ಲಿ ಓದಿದ್ದು ಎಂದು ಯಾರಾದರೂ ಕೇಳಿದರೆ ಇಂದಿಗೂ ಬೆನ್ನು ನೋಯುತ್ತದೆ.

ಬಳ್ಳಾರಿಯ ಆ ಚಿತ್ರಕಲಾ ಕಾಲೇಜಿಗೆ ನಾನು ಸೇರಿದ್ದು ಬರೆಯುವುದನ್ನು ಕಲಿಯಲಿಕ್ಕೆ. ಬಾದನಹಟ್ಟಿಯ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸಿ ಅವ್ವ ಹುಲುಗಮ್ಮ ಫೀಸು ಕಟ್ಟಿದ್ದಳು. ಮೊದಲ ವಾರವೇ, ಮಾಡೆಲ್ ಆಗಿ ಕೂರುತ್ತಿದ್ದ ಮುದುಕ ಬರಲಿಲ್ಲ. ಮೇಷ್ಟ್ರು ಒಬ್ಬೊಬ್ಬರ ಮುಖ ನೋಡುತ್ತಾ ಬಂದು ನನ್ನ ಮುಂದೆ ನಿಂತರು.

“ನೀ ಕುಂದ್ರು. ನಿಮ್ಮ ಕೇರಿ ಕಳೆ ಮುಖದಾಗ ಐತಿ. ಶೈಲಜಾನ ಕುಂದ್ರಿಸಿದ್ರ ಲಕ್ಷ್ಮಿಪೂಜಿ ಆದಂಗಾಗ್ತೈತಿ.”

ಶೈಲಜಾ ಸಿರುಗುಪ್ಪದ ರೈಸ್‌ಮಿಲ್ಲಿನವರ ಮಗಳು. ಎಲ್ಲರೂ ನಕ್ಕರು. ಒಂದು ದಿನದ ಮಾತೆಂದು ನಾನೂ ನಕ್ಕೆ. ಆಮೇಲೆ ಮುದುಕನಿಗೆ ಬರಬೇಡ ಎಂದೇ ಹೇಳಿ ಕಳಿಸಿದರಂತೆ. ನಾನು ಭಿಕ್ಷುಕಿಯಾದೆ, ಕಲ್ಲು ಒಡೆಯುವವಳಾದೆ, ಬರಗಾಲವಾದೆ. ‘ಹಸಿವು’ ಚಿತ್ರಕ್ಕೆ ಕೂತ ದಿನ ಉಂಡು ಬಂದದ್ದಕ್ಕೆ ಬೈಸಿಕೊಂಡೆ.

“ನಾ ಬರ್ಯಾದು ಯಾವಾಗ್ರಿ ಸರ?”

“ಕುಂತು ಕುಂತೇ ಕಲೀಬೇಕು. ನಿಮ್ಮಂಥವ್ರಿಗೆ ಕಲೆ ಒಳಗಿಂದ ಬರ್ತೈತಿ.”

ಕೊನೆಯ ವರ್ಷದ ಪ್ರದರ್ಶನಕ್ಕೆ ಅವ್ವ ಹಬ್ಬದ ಸೀರೆ ಉಟ್ಟು ಬಂದಳು. ಗೋಡೆ ತುಂಬ ನಾನೇ.

“ಇದೇನಲೇ ಯವ್ವಾ! ಯಾವ ಬಾಡ್ಯಾ ನಿನಗ ಈ ಹರಕ ಉಡಿಸಿದ? ಹೊಲದಾಗ ಕಸ ತೆಗಿಯಾಕ ಹೋದಾಗ ಸೈತ ನಾ ಇಂಥದ್ದು ಉಟ್ಟಿಲ್ಲ.”

ಬಹುಮಾನ ಬಂದದ್ದು ಶೈಲಜಾ ಬರೆದ ನನ್ನ ಚಿತ್ರಕ್ಕೆ. ಅವಳಪ್ಪ ಅದರ ಮುಂದೆ ನಿಂತು ಕರವಸ್ತ್ರದಿಂದ ಕಣ್ಣೊರೆಸಿಕೊಂಡ. “ಎಂಥಾ ಸಂಕಟ ಐತ್ರಿ ಮುಖದಾಗ!” ಎಂದವನು, ಪಕ್ಕದಲ್ಲಿದ್ದ ನನ್ನ ಕಡೆ ತಿರುಗಿ, “ಏ ಹುಡುಗಿ, ಅತ್ತಾಗ ಸರಿ. ಚಿತ್ರಕ್ಕ ಅಡ್ಡ ನಿಂತಿ” ಎಂದ.

“ನೀ ಬರದಿದ್ದು ಎಲ್ಲೈತಿ?” ಅವ್ವ ಕೇಳಿದಳು.

ತೋರಿಸಲು ಏನೂ ಇರಲಿಲ್ಲ. ಅವಳು ಸೆರಗು ಬಿಗಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಮುಂದಿನ ವಾರ ಪ್ರಾಯೋಗಿಕ ಪರೀಕ್ಷೆ. ವಿಷಯ: ಬುಟ್ಟಿ ಹೊತ್ತ ಕೂಲಿಯಾಳು. ಮೇಷ್ಟ್ರು ರೂಢಿಯಂತೆ ಬುಟ್ಟಿ, ತಲೆಗೆ ಸುತ್ತುವ ರುಮಾಲು ತಂದು ನನ್ನೆದುರು ಹಿಡಿದರು.

“ಇವತ್ತು ನನಗೂ ಪರೀಕ್ಷಿ ಐತ್ರಿ ಸರ.”

“ಪಾಸ್ ಮಾಡಸ್ತೀನಿ, ಕುಂದ್ರು.”

“ಕುಂದ್ರಂಗಿಲ್ರಿ. ಬರೀತೀನಿ.”

“ಸೊಕ್ಕೇನಲೇ? ಏನ್ ಬರ್ಯಾಕ ಬರ್ತೈತಿ ನಿನಗ?”

“ಅದನ್ನ ಇವತ್ತು ನೋಡಬೇಕ್ರಿ.”

ಹಮಾಲನೊಬ್ಬನನ್ನು ಕರೆತರಲು ಮೇಷ್ಟ್ರು ಕೌಲ್ ಬಜಾರಿಗೆ ಓಡಿಸಿದ್ದ ಪ್ಯೂನ್ ಒಬ್ಬನೇ ತಿರುಗಿ ಬಂದ. “ಹಮಾಲ್ರು ಬರಂಗಿಲ್ಲ ಅಂತಾರ್ರಿ. ಸುಮ್ಮನ ಕುಂದ್ರಾಕ ಅವರಿಗೆ ಪುರಸೊತ್ತಿಲ್ಲಂತ.”

ಅಷ್ಟರಲ್ಲಿ ಹೊರ ಊರಿನ ಪರೀಕ್ಷಕರು ಗೇಟಿಗೆ ಬಂದ ಸುದ್ದಿ ಬಂತು. ಮಾಡೆಲ್ ಇಲ್ಲದಿದ್ದರೆ ಪರೀಕ್ಷೆಯೇ ರದ್ದು. ಉತ್ತರ ಕೊಡಬೇಕಾದವರು ಮೇಷ್ಟ್ರು. ನಾನು ರುಮಾಲು ಎತ್ತಿ ಅವರ ಮುಂದೆ ಹಿಡಿದೆ.

“ನೀವ ಕುಂದರ್ರಿ.”

ಈ ಸಲ ಯಾರೂ ನಗಲಿಲ್ಲ. ಮೇಷ್ಟ್ರು ಬೂಟು ಬಿಚ್ಚಿದರು. ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ರುಮಾಲು ಸುತ್ತಿ, ಬುಟ್ಟಿ ತಲೆಗಿಟ್ಟುಕೊಂಡು ಸ್ಟೂಲು ಹತ್ತಿದರು.

ಪರೀಕ್ಷಕರು ಒಳಬಂದು ಸುತ್ತ ನೋಡಿದರು. “ಎಲ್ರಿ ನಿಮ್ಮ ಮೇಷ್ಟ್ರು? ಸಹಿ ಹಾಕಬೇಕು.”

ಎಲ್ಲರೂ ಹಾಳೆಗೆ ತಲೆ ಬಗ್ಗಿಸಿದರು. ಗುರುಸ್ವಾಮಿ ಮೇಷ್ಟ್ರು ಬುಟ್ಟಿ ಇಳಿಸಲು ಕೈ ಎತ್ತಿದರು. “ಸರ್, ನಾನ...”

“ಏಯ್, ಅಳ್ಳಾಡಬ್ಯಾಡಲೇ! ಕೂಲಿ ಬೇಕೋ ಬ್ಯಾಡೋ?” ಪರೀಕ್ಷಕರು ಗದರಿದರು.

ಮೇಷ್ಟ್ರ ಕೈ ಮೆಲ್ಲಗೆ ಕೆಳಗಿಳಿಯಿತು.

ನಾನು ಹಲಗೆಗೆ ಹಾಳೆ ಸಿಕ್ಕಿಸಿದೆ. ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಅವರ ಬಲಗಾಲಿನ ಹೆಬ್ಬೆರಳು ನಡುಗುತ್ತಿತ್ತು. ಅಲ್ಲಿಂದಲೇ ಶುರು ಮಾಡಿದೆ.