ಹತ್ತನೆಯ ವಾಕ್ಯ

೧೯೮೬ನೆಯ ಇಸವಿ ಜೂನ್ ೯, ಸೋಮವಾರ. ಗುಲಬರ್ಗಾದ ಒಂದು ಮುದ್ರಣಾಲಯದಲ್ಲಿ ತೊಂಬತ್ತಾರು ಹಾಳೆಗಳನ್ನು ದಾರದಿಂದ ಹೊಲಿದು ನೀಲಿ ರಟ್ಟು ಅಂಟಿಸಿದರು. ಹೀಗೆ ನಾನು ನೂರ ತೊಂಬತ್ತೆರಡು ಪುಟಗಳ ನೋಟುಪುಸ್ತಕವಾದೆ. ನನ್ನ ಗೆರೆಗಳು ನೇರವಾಗಿದ್ದವು. ನನ್ನ ಬಗ್ಗೆ ಹೇಳಿಕೊಳ್ಳಲು ಇರುವುದು ಅಷ್ಟೇ.

ನನ್ನನ್ನು ಕೊಂಡವನು ಸಾಯಬಣ್ಣ, ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಗಣಿಗಳಿರುವ ಒಂದು ಊರಿನ ಪೊಲೀಸ್ ಪೇದೆ. ಹೆಡ್ ಕಾನ್‌ಸ್ಟೇಬಲ್ ಆಗಬೇಕಾದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಿತ್ತು. ಎರಡು ಸಲ ಫೇಲಾಗಿದ್ದ. ಮೂರನೆಯದು ಡಿಸೆಂಬರಿನಲ್ಲಿತ್ತು. ದಿನವೂ ಸಂಜೆ ನಿವೃತ್ತ ಶಿಕ್ಷಕ ದಸ್ತಗೀರ್ ಮಾಸ್ತರರ ಮನೆಗೆ ಹೋಗಿ, ಟೋಪಿ ತೆಗೆದಿಟ್ಟು ಚಾಪೆಯ ಮೇಲೆ ಕೂರುತ್ತಿದ್ದ.

ಮಾಸ್ತರರ ಕ್ರಮ ಹೀಗಿತ್ತು. ಒಂದು ಪದಕ್ಕೆ ಹತ್ತು ವಾಕ್ಯ. ಗೈಡಿನಿಂದ ಇಳಿಸಿದ್ದು ಲೆಕ್ಕಕ್ಕಿಲ್ಲ. ತಾನು ಮಾಡಿದ್ದು ಅಥವಾ ಕಣ್ಣಾರೆ ಕಂಡದ್ದು ಮಾತ್ರ ನಡೆಯುತ್ತದೆ. ಕಡಿಮೆ ಬಿದ್ದ ವಾಕ್ಯಗಳ ಸಂಖ್ಯೆಯನ್ನು ನನ್ನ ಕೊನೆಯ ಪುಟದಲ್ಲಿ ‘ಬಾಕಿ’ ಎಂದು ಬರೆಯುತ್ತಿದ್ದರು. ಬಾಕಿ ತೀರದೆ ಮುಂದಿನ ಪದ ಇಲ್ಲ.

ಸೆಪ್ಟೆಂಬರಿನಲ್ಲಿ ‘ಪರ್ಸ್ಯೂ’ ಎಂಬ ಪದ ಬಂತು. ಬೆನ್ನಟ್ಟುವುದು, ಒಂದನ್ನು ಸಾಧಿಸಲು ಬಿಡದೆ ಅದರ ಹಿಂದೆ ಬೀಳುವುದು. ಸಾಯಬಣ್ಣ ಎರಡೇ ದಿನದಲ್ಲಿ ಒಂಬತ್ತು ವಾಕ್ಯ ಬರೆದ. ನಾಯಿ ಅಂಚೆಯವನ ಸೈಕಲ್ಲನ್ನು ಬೆನ್ನಟ್ಟಿತು. ಅಪ್ಪ ಆರು ವರ್ಷ ಪಿಂಚಣಿಯ ಬೆನ್ನು ಹತ್ತಿದ. ಮಗಳು ನರ್ಸಿಂಗ್ ಓದಿನ ಹಿಂದೆ ಬಿದ್ದಿದ್ದಾಳೆ. ಹತ್ತನೆಯದಕ್ಕೆ ಪೆನ್ನು ನಿಂತಿತು. ಮೂರು ವಾರ ನಿಂತಿತು.

“ಕಳ್ಳರ ಹಿಂದ ಅಷ್ಟು ಓಡ್ತಿ, ಒಂದು ವಾಕ್ಯದ ಹಿಂದ ಓಡ್ಲಾಕ ಆಗವಲ್ದೇನು?” ಎಂದರು ಮಾಸ್ತರರು.

ಕಾರಣ ನನಗೆ ಗೊತ್ತಿತ್ತು. ಹಗಲಿಡೀ ನಾನು ಠಾಣೆಯ ಬೆಂಚಿನ ಮೇಲಿರುತ್ತಿದ್ದೆ. ಪ್ರತಿ ಸೋಮವಾರ ಚಂದಮ್ಮ ಎಂಬ ಮುದುಕಿ ಅಲ್ಲಿಗೆ ಬಂದು ಒಂದೇ ಮಾತು ಹೇಳುತ್ತಿದ್ದಳು. “ನನ್ನ ಮಗ ಕುಡೀತಿದ್ದಿಲ್ರಿ. ಕಾಗದದಾಗಿಂದು ಆ ಮಾತು ತೆಗೀರಿ.” ಹಿಂದಿನ ವರ್ಷ ಅವಳ ಮಗ ಭೀಮಶಾ ನೀರು ತುಂಬಿದ ಹಳೆಯ ಗಣಿಯಲ್ಲಿ ಸತ್ತಿದ್ದ. ಕುಡಿದು ಕಾಲು ಜಾರಿ ಬಿದ್ದನೆಂದು ವರದಿ ಬರೆದವನು ಸಾಯಬಣ್ಣ. ಊರು ವರದಿಯನ್ನು ನಂಬಿತ್ತು. ಅವಳು ಬಂದಾಗಲೆಲ್ಲ ಸಾಯಬಣ್ಣ ನನ್ನನ್ನು ಮುಖಕ್ಕೆ ಹಿಡಿದು ಓದುವಂತೆ ಕೂರುತ್ತಿದ್ದ. ಪುಟ ಮಾತ್ರ ಮಗುಚುತ್ತಿರಲಿಲ್ಲ.

ಅಕ್ಟೋಬರ್ ೬ರಂದು ಎಂಬತ್ತೊಂದನೆಯ ಪುಟದಲ್ಲಿ ಹತ್ತನೆಯ ವಾಕ್ಯ ಬಿತ್ತು. ಕನ್ನಡದಲ್ಲಿ ಹೇಳಿದರೆ: ಸೈಕಲ್ ಕದ್ದನೆಂದು ತಪ್ಪು ತಿಳಿದು ನಾನು ಭೀಮಶಾನನ್ನು ಗಣಿಯ ಅಂಚಿನವರೆಗೆ ಬೆನ್ನಟ್ಟಿದೆ, ಅವನು ಕುಡಿದಿರಲಿಲ್ಲ.

ಮಾಸ್ತರರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ತಪ್ಪಿರಲಿಲ್ಲ, ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದರು.

“ನನಗ ಕೊಡಬೇಕಾದ ಬಾಕಿ ತೀರ್ತು. ಇದನ್ನ ಆ ಮುದುಕಿಗಿ ಹೇಳಿ ಬಾ.”

“ಹೇಳಿದ್ರ ನೌಕರಿ ಹೋಗ್ತದರಿ, ಮಾಸ್ತರ್ರ.”

“ಹೋಗಬಹುದು” ಎಂದರು ಮಾಸ್ತರರು.

ಮರುದಿನ ಅವನು ನನ್ನನ್ನು ಕಂಕುಳಲ್ಲಿ ಹಿಡಿದು ಚಂದಮ್ಮನ ಗುಡಿಸಲಿಗೆ ಹೋದ. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ಎದ್ದು ನಿಂತಳು. ಸಾಯಬಣ್ಣ ಎಂಬತ್ತೊಂದನೆಯ ಪುಟ ತೆರೆದು ಹತ್ತನೆಯ ವಾಕ್ಯವನ್ನು ಓದಿದ. ಸ್ಪಷ್ಟವಾಗಿ, ನಿಧಾನವಾಗಿ, ಇಂಗ್ಲಿಷಿನಲ್ಲಿಯೇ ಓದಿದ.

“ಏನಂದ್ರಿ ಸಾಹೇಬ್ರ? ನಮ್ಮ ಮಾತಿನಾಗ ಹೇಳ್ರಿ.”

ಅವನ ಹೆಬ್ಬೆರಳಿನ ಬೆವರು ನನ್ನ ಹಾಳೆಯಲ್ಲಿ ಇಳಿಯಿತು. “ನಿನ್ನ ಮಗನ ಹೆಸರು ಅದ ಇದರಾಗ” ಎಂದ.

“ಎಲ್ಲಿ?”

ಅವನು ತೋರಿಸಿದ. ಅವಳು ಆ ಅಕ್ಷರಗಳ ಮೇಲೆ ಬೆರಳಿಟ್ಟಳು. ಜೋಳದ ಹಿಟ್ಟಿನಂಥ ಧೂಳು ಅಲ್ಲಿ ಉಳಿಯಿತು. “ಕುಡುದಿದ್ದಿಲ್ಲ ಅಂತ ಬರದೀರೇನ್ರಿ?” ಎಂದು ಕೇಳಿದಳು. ಅವನು ನನ್ನನ್ನು ಮುಚ್ಚಿ ಹೊರಬಂದ.

ಸಂಜೆ ಮಾಸ್ತರರು ಕೇಳಿದರು: “ಹೇಳಿದಿ?”

“ಹೇಳಿನ್ರಿ.”

“ಯಾವ ಮಾತಿನಾಗ?”

ಸಾಯಬಣ್ಣ ಎಂಬತ್ತೊಂದನೆಯ ಪುಟ ತೆರೆದು ನನ್ನನ್ನು ಅವರ ಮುಂದೆ ಸರಿಸಿದ. ಮಾಸ್ತರರು ನನ್ನ ಕೊನೆಯ ಪುಟ ತೆರೆದು ಬರೆದರು: ಪರ್ಸ್ಯೂ, ಬಾಕಿ ಒಂದು. ಆಮೇಲೆ ಅವನಿಗೆ ಇನ್ನೊಂದು ಪದ ಕೊಡಲಿಲ್ಲ.

ಕಲಿತಷ್ಟೇ ಅವನಿಗೆ ಸಾಕಾಯಿತು. ಡಿಸೆಂಬರಿನಲ್ಲಿ ಪಾಸಾದ. ಬಡ್ತಿ ಬಂತು, ಬೇರೆ ಊರಿಗೆ ವರ್ಗವಾಯಿತು. ಹೊರಡುವ ಸೋಮವಾರವೂ ಮುದುಕಿ ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದಳು. ಈಗ ಅವಳು ಕಾಗದದ ಮಾತೆತ್ತುತ್ತಿರಲಿಲ್ಲ. ಆ ನೀಲಿ ಪುಸ್ತಕ ಎಲ್ಲಿದೆ ಎಂದು ಕೇಳುತ್ತಿದ್ದಳು. ಸಾಯಬಣ್ಣನ ಟ್ರಂಕಿನೊಳಗಿಂದ ನಾನು ಆ ದನಿ ಕೇಳಿದೆ. ಮತ್ತೆಂದೂ ಕೇಳಲಿಲ್ಲ.

ಇಪ್ಪತ್ತೇಳು ವರ್ಷ ಟ್ರಂಕಿನ ತಳದಲ್ಲಿದ್ದೆ. ಸಾಯಬಣ್ಣ ನನ್ನನ್ನು ತೆರೆಯಲೂ ಇಲ್ಲ, ಸುಡಲೂ ಇಲ್ಲ. ಅವನು ತೀರಿದ ಮೇಲೆ ಮಗಳು ಟ್ರಂಕು ಖಾಲಿ ಮಾಡಿದಳು. ನರ್ಸ್ ಆಗಿದ್ದ ಅವಳಿಗೆ ಇಂಗ್ಲಿಷ್ ಬರುತ್ತಿತ್ತು. ಎಂಬತ್ತೊಂದನೆಯ ಪುಟದಲ್ಲಿ ತನ್ನ ಬಗ್ಗೆ ಬರೆದದ್ದನ್ನು ಕಂಡು ಸಣ್ಣಗೆ ನಕ್ಕಳು. ಆಮೇಲೆ ಹತ್ತನೆಯದನ್ನು ಓದಿದಳು. ನಿಂತುಕೊಂಡೇ ಎರಡು ಸಲ ಓದಿದಳು.

“ಇದನ್ನ ಇಟ್ಕೋತೀರೇನ್ರಿ ಅಕ್ಕಾರ?” ಎಂದು ಬಾಗಿಲಲ್ಲಿದ್ದ ರದ್ದಿಯವನು ಕೇಳಿದ.

“ಬ್ಯಾಡ. ತೂಕಕ್ಕ ಹಾಕ್ರಿ.”

ಈಗ ನಾನು ಕಿರಾಣಿ ಅಂಗಡಿಯೊಂದರ ಮೂಲೆಯಲ್ಲಿದ್ದೇನೆ. ಅಂಗಡಿಯವನು ಪೊಟ್ಟಣ ಕಟ್ಟಲು ಮುಂದಿನಿಂದ ನಲವತ್ತು ಹಾಳೆ ಹರಿದಿದ್ದಾನೆ, ಐವತ್ತಾರು ಉಳಿದಿವೆ. ಎಂಬತ್ತೊಂದನೆಯ ಪುಟ ಮೇಲೆ ಬಂದಿದೆ. ಮುಂದಿನ ಗಿರಾಕಿಯ ಖಾರದಪುಡಿಗೆ ಅದು ಹೋಗುತ್ತದೆ. ಕೊನೆಯ ಪುಟದ ಅಂಚು ಮಾತ್ರ ರಟ್ಟಿಗೆ ಅಂಟಿಕೊಂಡಿದೆ, ಅದು ಹರಿಯುವುದಿಲ್ಲ. ಅದರಲ್ಲಿ ಮಾಸ್ತರರ ಕೈಬರಹ ಹಾಗೆಯೇ ಇದೆ: ಬಾಕಿ ಒಂದು.